ಡಬ್ಬಿಯವನು ಕೊನೆಯ ಸಲ ಬಂದಾಗ

"ನೋಡೇ, ಡಬ್ಬಿಯವನು ಬಂದಿದಾನೆ!"

ಅಮ್ಮ ಬಾಗಿಲಿನಿಂದ ಕೂಗಿದಾಗ ಟೀಚರ್ ಲ್ಯಾಪ್‌ಟಾಪಿನ ಮುಂದೆ ಎರಡೂ ಕೈ ಎತ್ತಿಕೊಂಡು ಕೂತಿದ್ದಳು. ಅವಳ ಪಾಠವೇ ಅಂಥದ್ದು. ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮಂದಿರಿಗೆ ವೀಡಿಯೋ ಕಾಲ್‌ನಲ್ಲಿ ಕೈಭಾಷೆ ಕಲಿಸುತ್ತಿದ್ದಳು. ಮಗುವಿನ ಜೊತೆ ನಾಲ್ಕು ಮಾತಾಡಲು ಹಂಬಲಿಸುವ ತಾಯಂದಿರು ಅವಳ ಬೆರಳುಗಳನ್ನು ಎವೆಯಿಕ್ಕದೆ ನೋಡುತ್ತಿದ್ದರು. ಆದರೆ ಹೊಸ ಕಂಪನಿಯ ಇಂಟರ್ನೆಟ್ ಬಂದ ಮೇಲೆ ನೋಡಲು ಉಳಿದದ್ದಾದರೂ ಏನು? ಪರದೆಯ ಮೇಲೆ ಕೈ ಮೇಲೇಳುತ್ತಿತ್ತು, ಅಲ್ಲೇ ನಿಂತುಬಿಡುತ್ತಿತ್ತು.

"ಟೀಚರ್, ನಿಮ್ಮ ಕೈ ಮತ್ತೆ ಸಿಕ್ಕಿಹಾಕ್ಕೊಂಡಿದೆ," ಎಂದಳು ಆ ಕಡೆಯ ತಾಯಿ. "ಇದು ಹಸಿವು ಅಂತಾನಾ, ಹೊಟ್ಟೆನೋವು ಅಂತಾನಾ?"

"ನಾಳೆ ಹೇಳ್ತೀನಮ್ಮಾ," ಎಂದು ಕರೆ ಮುಗಿಸಿದಳು. ಸೆರಗು ಸರಿಮಾಡಿಕೊಳ್ಳುತ್ತ ಎದ್ದಳು.

ಹಾಲ್‌ನಲ್ಲಿ ಅವನು ನಿಂತಿದ್ದ. ಹಳೆ ಕಂಪನಿಯ ನೀಲಿ ಶರ್ಟು, ಹೆಗಲಿಗೆ ಅದೇ ಚೀಲ. ಬಾಗಿಲ ಹೊರಗೆ ಅವನ ಶೂಗಳು, ಒಂದು ನೆಟ್ಟಗೆ, ಇನ್ನೊಂದು ಅಂಗಾತ. ಶೂ ಸರಿಯಾಗಿ ಬಿಡುವುದು ಈ ಮನುಷ್ಯನಿಗೆ ಯಾವತ್ತೂ ಬರಲೇ ಇಲ್ಲ. ಅಮ್ಮನ ಮಟ್ಟಿಗೆ ಇಂಟರ್ನೆಟ್ ಎಂದರೆ ಮಿಣಿಮಿಣಿ ಎನ್ನುವ ಡಬ್ಬಿ, ಅದನ್ನು ಸರಿಮಾಡುವವನು ಡಬ್ಬಿಯವನು. ಹೆಸರು ಕೇಳುವ ಗೋಜಿಗೆ ಅವರು ಹೋಗಿರಲಿಲ್ಲ. ಟೀಚರ್‌ಗೆ ಹೆಸರು ಗೊತ್ತಿತ್ತು. ಬಾಯಿಬಿಟ್ಟು ಕರೆದಿರಲಿಲ್ಲ, ಅಷ್ಟೆ.

"ಹಳೇ ಡಬ್ಬಿ ವಾಪಸ್ ತಗೊಂಡ್ಹೋಗೋಕೆ ಬಂದೆ ಟೀಚರೇ," ಎಂದು ಗೋಡೆ ನೋಡುತ್ತ ಹೇಳಿದ. "ಕನೆಕ್ಷನ್ ಬಿಟ್ಟ ಮೇಲೆ ಅದು ಕಂಪನಿಗೆ ಸೇರಬೇಕಲ್ಲ."

"ತಗೊಂಡ್ಹೋಗಪ್ಪಾ, ಪುಣ್ಯ ಬರುತ್ತೆ," ಎಂದರು ಅಮ್ಮ. "ಬೆಳಗಾದ್ರೆ ಕೆಡ್ತಿತ್ತು. ಅದಕ್ಕೇ ಇವಳಣ್ಣ ಬೇರೆ ಕಂಪನಿಗೆ ಹಾಕಿಸಿದ. ಈಗ ನೋಡಿದ್ರೆ ಇದು ಅದಕ್ಕಿಂತ ಕಡೆ! ಫೋನ್ ಮಾಡಿದ್ರೆ ಆಫ್ ಮಾಡಿ ಆನ್ ಮಾಡಿ ಅಂತಾರೆ. ಮಾಡೀ ಮಾಡೀ ಸ್ವಿಚ್ಚೇ ಸವೆದುಹೋಯ್ತು."

ಟೀಚರ್ ತಲೆ ತಗ್ಗಿಸಿದಳು. ಹಳೆಯ ಇಂಟರ್ನೆಟ್ ಕೆಡುತ್ತಿರಲಿಲ್ಲ. ಕೆಡಿಸುತ್ತಿದ್ದವಳು ಅವಳೇ.

ಮೊದಲ ಸಲ ಮಾತ್ರ ನಿಜವಾಗಿಯೇ ಕೆಟ್ಟಿತ್ತು. ಅವನು ಬಂದ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಕೇಬಲ್ಲಿಗೆ ಹೊಸ ತುದಿ ಕೂರಿಸಿದ. ಅವಳು ಅಭ್ಯಾಸಬಲದಿಂದ ಗಲ್ಲಕ್ಕೆ ಬೆರಳು ತಾಗಿಸಿ ಅವನತ್ತ ಚಾಚಿದಳು. "ಅದೇನು?" ಎಂದು ಕೇಳಿದ. "ಥ್ಯಾಂಕ್ಸ್," ಎಂದಳು. ಅವನೂ ಮಾಡಿ ನೋಡಿದ. ಆ ದಪ್ಪ ಬೆರಳುಗಳು ಗಲ್ಲದ ಹತ್ತಿರ ಬಂದು ನಾಚಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಳು. ಆಮೇಲೆ ವೈಫೈಗೆ ಏನು ಹೆಸರಿಡಲಿ ಎಂದು ಕೇಳಿ, ಉತ್ತರಕ್ಕೂ ಕಾಯದೆ 'ಮಾತಾಡೋ ಕೈ' ಎಂದು ಇಟ್ಟುಬಿಟ್ಟ. ಅಲ್ಲಿಗೆ ಇವಳ ಕಥೆ ಮುಗಿದಂತೆಯೇ.

ಸ್ವಲ್ಪ ದಿನ ಕಳೆದು ಕೇಬಲ್ಲಿನ ಕ್ಲಿಪ್ ಒತ್ತಿ, ಒಂದು ಕೂದಲೆಳೆಯಷ್ಟು ಹೊರಗೆಳೆದು, ದೂರು ಕೊಟ್ಟಳು. ಅವನು ಬಂದ. ಮತ್ತೆ ಎಳೆದಳು, ಮತ್ತೆ ಬಂದ. ಹಾಗೆ ಬರುತ್ತ ಬರುತ್ತ ಇನ್ನೊಂದು ಮಾತು ಕಲಿತ: ಅಂಗೈಯನ್ನು ಕಿವಿಯ ಪಕ್ಕದಿಂದ ಮುಂದೆ ತಂದು, ಮೆಲ್ಲಗೆ ಎದೆಯ ಕಡೆಗೆ ಎಳೆದುಕೊಳ್ಳುವುದು. ಮುಂದೆ ತಂದದ್ದು 'ನಾಳೆ', ಎದೆಗೆ ಎಳೆದದ್ದು 'ಬರ್ತೀನಿ'. ಅಮ್ಮ ಆ ಕಡೆ ತಿರುಗಿದ ಹೊತ್ತು ನೋಡಿ ಬಾಗಿಲಲ್ಲಿ ನಿಂತು ಅದನ್ನು ಮಾಡುತ್ತಿದ್ದ. ನಾಳೆ ಬರುತ್ತಿರಲಿಲ್ಲ. ಕೇಬಲ್ ಎಳೆಯುವತನಕ ಬರುವಂತಿರಲಿಲ್ಲವಲ್ಲ!

ಇಂಟರ್ನೆಟ್ ಹೀಗೆ ಪದೇ ಪದೇ ಕೆಡುವುದು ಮನೆಯವರಿಗೆ ಸಾಕುಸಾಕಾಯಿತು. ಅವಳು ಪಾಠದಲ್ಲಿದ್ದಾಗ ಅಣ್ಣ ಅವಳ ಫೋನ್ ತೆಗೆದುಕೊಂಡು, ಅವಳ ಹೆಸರಿನಲ್ಲೇ, ಕನೆಕ್ಷನ್ ಬೇಡ ಎಂದು ಹಳೆ ಕಂಪನಿಗೆ ಬರೆದು ಕಳಿಸಿದ. ಅವಳಿಗೆ ಗೊತ್ತಾಗುವಷ್ಟರಲ್ಲಿ ಹಾಲ್ ಗೋಡೆಯ ಮೇಲೆ ಹೊಸ ಡಬ್ಬಿ ಕೂತಿತ್ತು. ಬೇಡ ಎನ್ನಲು ಯಾವ ಬಾಯಿ ಇತ್ತು ಅವಳಿಗೆ?

"ಡಬ್ಬಿ ರೂಮಲ್ಲಿದೆ," ಎಂದಳು.

ಅಮ್ಮ ಟೀ ಮಾಡಲು ಒಳಗೆ ಹೋದರು. ಅವನು ರೂಮಿನ ಹೊಸ್ತಿಲಲ್ಲೇ ನಿಂತ. ಮೇಜಿನ ಮೇಲೆ ಹಳೆಯ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತಿತ್ತು.

"ಇದು ಇನ್ನೂ ಆನ್ ಇದೆ!"

ಅದರ ಹಿಂದಿನ ಕೇಬಲ್ ಹಿಡಿದು ಹೊರಟ. ಅದು ಗೋಡೆಯಂಚಿನಲ್ಲಿ ಹರಿದು, ಬಾಗಿಲ ಸಂದಿಯಲ್ಲಿ ನುಸುಳಿ, ಹಾಲ್‌ನ ಹೊಸ ಡಬ್ಬಿಯಲ್ಲಿ ಮುಗಿಯಿತು. ಅಲ್ಲಿ ನಿಂತು ಫೋನಿನಲ್ಲಿ ಸ್ಪೀಡ್ ನೋಡಿದ. ರೂಮಿಗೆ ಬಂದು ಮತ್ತೆ ನೋಡಿದ. ಆಮೇಲೆ ಹಿಂದಿನಂತೆಯೇ ನೆಲದ ಮೇಲೆ ಕೂತ.

"ಹೊಸ ಕಂಪನಿಯವರನ್ನ ಬೈಬೇಡಿ. ಅವರ ಲೈನ್ ಚೆನ್ನಾಗೇ ಇದೆ. ನೀವು ಅದನ್ನ ತಂದು ಈ ಡಬ್ಬಿಗೆ ಚುಚ್ಚಿದೀರಿ. ಇದು ಹಳೇ ಮಾಡೆಲ್ಲು. ಅಲ್ಲಿಂದ ಎಷ್ಟೇ ಬರ್ಲಿ, ಇದು ಮುಂದೆ ಬಿಡೋದು ಇಷ್ಟೇ."

"ಹಾಗಾದ್ರೆ?"

"ಇದನ್ನ ತೆಗೀಬೇಕು."

"ತೆಗೀಲೇಬೇಕಾ?"

ಅವನು ತಲೆಯೆತ್ತಿದ. ಬಂದಾಗಿನಿಂದ ಗೋಡೆ, ಕೇಬಲ್ಲು, ನೆಲ ನೋಡುತ್ತಿದ್ದ ಕಣ್ಣು ಈಗ ಅವಳ ಮುಖಕ್ಕೆ ಬಂತು.

"ಯಾಕೆ ಹೀಗೆ ಮಾಡಿದ್ರಿ ಟೀಚರೇ?"

"ಲ್ಯಾಪ್‌ಟಾಪ್ ತೆಗೆದಾಗೆಲ್ಲ ಆ ಹೆಸರು ಕಾಣ್ತಿತ್ತು. 'ಮಾತಾಡೋ ಕೈ'. ಅದೂ ಕಾಣಿಸದೇ ಹೋದ್ರೆ ನನಗೆ ಆಗ್ತಿರ್ಲಿಲ್ಲ."

ಅವನು ಕೇಬಲ್ಲಿನ ತುದಿ ಸವರಿದ. "ಆಗೆಲ್ಲ ಕೇಬಲ್ ನೀವೇ ಎಳೀತಿದ್ರಿ, ಅಲ್ವಾ?"

ಅವಳ ಕಿವಿ ಬಿಸಿಯಾಯಿತು. "ಗೊತ್ತಿತ್ತಾ?"

"ಈ ಕ್ಲಿಪ್ಪು ತಾನಾಗಿ ಬಿಚ್ಕೊಳ್ಳಲ್ಲ. ಬೆರಳಿಂದ ಒತ್ತಬೇಕು. ನೀವು ಮೊದಲನೇ ಸಲ ಎಳೆದಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಲೇ ಇಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ."

ಇಬ್ಬರಿಗೂ ನಗು ಬಂತು. ಅಡುಗೆಮನೆಗೆ ಕೇಳಿಸಬಾರದೆಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನ ನಗು ಮೊದಲು ನಿಂತಿತು.

"ಆಮೇಲೆ ಒಂದಿನ ಆಫೀಸಿಗೆ ನಿಮ್ಮ ಹೆಸರಲ್ಲಿ ಬಂತು, ಕನೆಕ್ಷನ್ ಬೇಡ ಅಂತ. ಇನ್ನು ಬರಬೇಡ ಅಂತ ಹೇಳೋಕೆ ನಿಮಗೆ ಬೇರೆ ದಾರಿ ಕಾಣ್ಲಿಲ್ಲವೇನೋ ಅಂದ್ಕೊಂಡೆ."

"ಅಯ್ಯೋ, ಅದು ನಾನಲ್ಲ! ಅಣ್ಣ ಕಳಿಸಿದ್ದು. ನನ್ನ ಫೋನಿಂದ ಕಳಿಸಿಬಿಟ್ಟಿದ್ದ."

ಅವನು ಕೇಬಲ್ಲಿನಿಂದ ಕೈ ತೆಗೆದ. ಒಳಗೆ ಅಮ್ಮ ಲೋಟ ತೊಳೆಯುವುದು ಕೇಳಿಸುತ್ತಿತ್ತು.

"ನಮ್ಮಕ್ಕ ಬಹಳ ದಿನದಿಂದ ನನಗೊಂದು ಹುಡುಗಿ ನೋಡಿಟ್ಟಿದ್ಲು. ನಾನೇ ಏನಾದ್ರೂ ನೆಪ ಹೇಳಿ ಮುಂದಕ್ಕೆ ಹಾಕ್ತಿದ್ದೆ. ಅವತ್ತು ಸಂಜೆ ಹೋಗಿ ಹೂಂ ಅಂದ್ಬಿಟ್ಟೆ."

ಅವಳು ಮಂಚದ ಅಂಚು ಹಿಡಿದು ಕೂತಳು. "ಹೇಗಿದಾಳೆ?"

"ಒಳ್ಳೆಯವಳು. ನಾನು ಅವರ ಮನೆಗೆ ಹೋದ್ರೆ ಶೂ ಜೋಡಿಸಿ ಇಡ್ತಾಳೆ."

ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಆ ಶೂಗಳನ್ನು ಎಷ್ಟು ಸಲ ಬಗ್ಗಿ ಜೋಡಿಸಿಡಬೇಕೆಂದುಕೊಂಡಿದ್ದಳು, ಅಮ್ಮನಿಗೆ ಹೆದರಿ ಬಿಟ್ಟಿದ್ದಳು. ಕೇಳಬಾರದ್ದನ್ನು ಕೇಳಿಯೇಬಿಟ್ಟಳು.

"ಬೇಡ ಅನ್ನೋಕೆ ಆಗಲ್ವಾ?"

"ಆಗಲ್ಲ," ಎಂದ. "ಆಗಿದ್ರೆ ಇಷ್ಟೊತ್ತಿಗೆ ಅಂದಿರ್ತಿದ್ದೆ. ಅವಳೇನು ತಪ್ಪು ಮಾಡಿದಾಳೆ ಹೇಳಿ? ನನ್ನ ಮಾತು ನಂಬ್ಕೊಂಡು ಕೂತಿದಾಳೆ."

ಅವಳು ತಲೆಯಾಡಿಸಿದಳು. ಅವನು ಬೇರೆ ಥರ ಉತ್ತರ ಕೊಡುವವನಾಗಿದ್ದರೆ ಅವಳು ಅವನಿಗಾಗಿ ಕೇಬಲ್ ಎಳೆಯುತ್ತಲೇ ಇರಲಿಲ್ಲ. ಅದೇ ಸಂಕಟ.

ಅವನು ಡಬ್ಬಿಯನ್ನು ಅವಳ ಕಡೆ ತಿರುಗಿಸಿದ. "ನೀವೇ ತೆಗೀರಿ. ನಿಮಗೇ ಚೆನ್ನಾಗಿ ರೂಢಿ ಇದೆ."

ಅವಳು ಕ್ಲಿಪ್ ಒತ್ತಿದಳು. ಈ ಸಲ ಪೂರ್ತಿ ಎಳೆದಳು. ಅವನು ಸ್ವಿಚ್ ಆರಿಸಿದ, ಹಸಿರು ದೀಪ ನಂದಿತು.

"ಹೊಸದಕ್ಕೂ ಅದೇ ಹೆಸರು ಇಟ್ಕೊಡ್ಲಾ?"

"ಬೇಡ. ಅದು ನೀವಿಟ್ಟ ಹೆಸರು. ನಿಮ್ಮ ಜೊತೆಗೇ ಹೋಗ್ಲಿ."

ಅಮ್ಮ ಟೀ ತಂದರು. "ಸರಿಹೋಯ್ತೇನಪ್ಪಾ?"

"ಸರಿಹೋಯ್ತಮ್ಮಾ. ಇನ್ನು ಕೆಡಲ್ಲ."

"ಬಾಯಿಗೆ ಸಕ್ಕರೆ ಹಾಕ," ಎಂದು ಅಮ್ಮ ಮನಸಾರೆ ಹರಸಿದರು. ಅವನು ಟೀಯನ್ನು ಬಿಸಿಬಿಸಿಯಾಗಿಯೇ ಕುಡಿದು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಹೊರಡುವಾಗ ಎಂದ, "ಕೆಳಗಿಂದ ಒಂದು ವೀಡಿಯೋ ಕಾಲ್ ಮಾಡ್ತೀನಿ. ಕೈ ನಿಲ್ಲುತ್ತೋ ಇಲ್ವೋ ನೋಡ್ಬಿಡೋಣ. ನಾಳೆ ಆ ತಾಯಂದಿರಿಗೆ ತೊಂದ್ರೆ ಆಗ್ಬಾರ್ದು."

ಕರೆ ಬಂತು. ಬೀದಿಯ ತಿರುವಿನಲ್ಲಿ ನಿಂತ ಅವನ ಮುಖ ಪರದೆಯ ಮೇಲೆ ಎಂದೂ ಇಲ್ಲದಷ್ಟು ಸ್ಪಷ್ಟವಾಗಿತ್ತು. ಹುಬ್ಬಿನ ಮೇಲಿನ ಬೆವರೂ ಕಾಣುತ್ತಿತ್ತು.

"ಏನಾದ್ರೂ ಹೇಳಿ, ನೋಡ್ತೀನಿ."

ಅವಳು ಕೈಯೆತ್ತಿದಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲವನ್ನೂ ಹೇಳಿದಳು. ನಿಮ್ಮನ್ನು ಪ್ರೀತಿಸಿದೆ, ಬಾಯಲ್ಲಿ ಹೇಳಲಾರದೆ ಕೇಬಲ್ ಎಳೆದೆ, ಕೇಬಲ್ ಎಳೆದೆಳೆದು ನಿಮ್ಮನ್ನೇ ಕಳಕೊಂಡೆ. ಬೆರಳುಗಳು ಒಂದೇ ಒಂದು ಕಡೆಯೂ ತಡವರಿಸಲಿಲ್ಲ.

"ಎಲ್ಲೂ ನಿಲ್ಲಲಿಲ್ಲ," ಎಂದ. "ಏನಂದ್ರಿ?"

"ಟೆಸ್ಟಿಂಗ್ ಅಂದೆ."

"ಅಷ್ಟುದ್ದಾನಾ?" ಅವನು ನಗಲು ನೋಡಿದ. ಆಗಲಿಲ್ಲ. ಕೈಭಾಷೆ ಬಾರದಿದ್ದರೇನು, ಅವಳ ಮುಖ ಅವನಿಗೆ ಓದಲು ಬರುತ್ತಿತ್ತು. "ನನಗೆ ಬರೋದು ಎರಡೇ, ಟೀಚರೇ."

ಗಲ್ಲಕ್ಕೆ ಬೆರಳು ತಾಗಿಸಿ ಅವಳತ್ತ ಚಾಚಿದ. ಥ್ಯಾಂಕ್ಸ್.

ಆಮೇಲೆ ಅಂಗೈಯನ್ನು ಕಿವಿಯ ಪಕ್ಕದಿಂದ ಮುಂದೆ ತಂದ. ಅದು ಎದೆಯ ಕಡೆಗೆ ತಿರುಗಬೇಕಿತ್ತು. ಗಾಳಿಯಲ್ಲೇ ನಿಂತುಬಿಟ್ಟಿತು.

ಮತ್ತೆ ಸಿಕ್ಕಿಹಾಕ್ಕೊಂಡಿತಲ್ಲ ಎಂದುಕೊಂಡು ಅವಳು ಪರದೆಯತ್ತ ಬಾಗಿದಳು. ಆದರೆ ಅವನ ಬೆನ್ನ ಹಿಂದೆ ಸೈಕಲ್ಲೊಂದು ಸರಾಗವಾಗಿ ಹಾದುಹೋಯಿತು. ಯಾರೋ ಹೆಂಗಸು ನಡೆಯುತ್ತ ಛತ್ರಿ ಮಡಚಿದಳು. ನೆಟ್ ಚೆನ್ನಾಗಿಯೇ ಇತ್ತು. ಅವನ ಕೈ ಮಾತ್ರ ಅಲ್ಲೇ ನಿಂತಿತ್ತು.