ನೀರು ಎಲ್ಲಿ ಹೋಗುತ್ತಿದೆ?

ಕುಷ್ಟಗಿಯಲ್ಲಿ ನನ್ನದು ಗ್ಯಾರೇಜು. ಹೊನ್ನೂರಪ್ಪಗೌಡರ ಹಳೇ ಕಾರಿನ ರೇಡಿಯೇಟರ್ ಸೋರುತ್ತಿತ್ತು. ಬೆಸುಗೆ ಹಾಕಲು ಬೇಸರವಾಗಿ, ಅರಿಸಿನಪುಡಿ ಸುರಿದು ತೂತು ಮುಚ್ಚಿ, "ಏನೂ ಆಗಂಗಿಲ್ರಿ, ಹೋಗ್ರಿ" ಎಂದು ಕಳಿಸಿದ್ದೆ. ಮರುದಿನ ಕೊಪ್ಪಳದ ಆಸ್ಪತ್ರೆಗೆ ಹೋಗುವಾಗ ಎಂಜಿನ್ ಕಾದು ನಡುದಾರಿಯಲ್ಲಿ ನಿಂತುಬಿಟ್ಟಿತು. ಕಾಯಿಲೆಯಾಗಿದ್ದ ಅವರ ಹೆಂಡತಿ ಲಲಿತಮ್ಮ ಹಿಂದಿನ ಸೀಟಿನಲ್ಲೇ ನೀರು ನೀರು ಎನ್ನುತ್ತ ತೀರಿಕೊಂಡರು.

ತಿಂಗಳಾದ ಮೇಲೆ ಗೌಡರು, ಬೇರೆಲ್ಲೋ ಹೊಸ ರೇಡಿಯೇಟರ್ ಹಾಕಿಸಿ, ಮತ್ತೆ ಕಾರು ತಂದರು.

"ಮುಜೀಬ, ದಿನಾ ನೀರು ಕಮ್ಮಿ ಆಗತೈತಿ. ಎಲ್ಲಿ ಸೋರತೈತಿ ನೋಡಪಾ."

ಗಾಳಿ ತುಂಬಿ ರೇಡಿಯೇಟರ್, ಪೈಪು, ಪಂಪು, ಗ್ಯಾಸ್ಕೆಟ್ ಎಲ್ಲ ನೋಡಿದೆ. ಒಂದು ಹನಿಯೂ ಸೋರಲಿಲ್ಲ. ಆದರೆ ಸುಡುಬಿಸಿಲಿನಲ್ಲೂ ಹಿಂದಿನ ಬಾಗಿಲ ಹಿಡಿಕೆ ತಣ್ಣಗಿತ್ತು.

ತಡೆಯಲಾಗದೆ, "ತಪ್ಪು ನಂದರಿ, ಗೌಡ್ರ" ಎಂದು ಎಲ್ಲ ಹೇಳಿಬಿಟ್ಟೆ.

"ಗೊತ್ತೈತಿ. ಆಕಿ ಹೇಳ್ಯಾಳ" ಎಂದವರೇ ಕಾರನ್ನು ನನ್ನಲ್ಲೇ ಬಿಟ್ಟು ಬಸ್ಸು ಹತ್ತಿದರು.

ಎರಡು ವರ್ಷದಿಂದ ಆ ಕಾರನ್ನು ಚಾಲೂ ಮಾಡಿಲ್ಲ. ಬೆಳಿಗ್ಗೆ ರೇಡಿಯೇಟರಿಗೆ ಒಂದು ತಂಬಿಗೆ ನೀರು ಹಾಕುತ್ತೇನೆ, ಸಂಜೆಗೆ ಖಾಲಿ. ಕೆಳಗಿನ ನೆಲ ಒಣಗೇ ಇರುತ್ತದೆ.