ಹೆಬ್ಬೆರಳ ಗಂಟು

ನಾನು ನರ್ಸಿಂಗ್ ಶಾಲೆಯ ಆಯಾ. ಹೊಸ ಹುಡುಗಿಯರು ರೋಗಿಯ ಮೈ ಒರೆಸುವುದನ್ನು ಕಲಿಯುವಾಗ ರೋಗಿಯಾಗಿ ಮಂಚದ ಮೇಲೆ ಮಲಗುವವಳೂ ನಾನೇ. ಮೊಮ್ಮಕ್ಕಳಂಥವರ ಮುಂದೆ ಬರಿಮೈಯಲ್ಲಿ ಮಲಗಲು ನಾಚಿಕೆ; ಕಣ್ಣು ಮುಚ್ಚಿಕೊಂಡುಬಿಡುತ್ತೇನೆ.

ಅಂದು ಪರೀಕ್ಷೆ. ಈ ಸಲವೂ ತಪ್ಪಿದರೆ ಶಾಲೆ ಬಿಡಬೇಕಾಗಿದ್ದ ಹುಡುಗಿಯೊಬ್ಬಳು ಬೆಚ್ಚಗಿನ ಬಟ್ಟೆಯಿಂದ ನನ್ನ ತೋಳು ಒರೆಸುತ್ತಿದ್ದಳು. ಅದೇ ಹೊತ್ತಿಗೆ ಹೊದಿಕೆಯೊಳಗೆ ತಣ್ಣನೆಯ ಕೈಗಳು ನನ್ನ ಪಾದಗಳನ್ನು ನಿಧಾನವಾಗಿ ಜೋಡಿಸಿದವು.

"ಕಾಲ ಹತ್ರ ಯಾರಮ್ಮ?" ಅಂದೆ.

"ನಾನೊಬ್ಳೇ ಇರೋದು ಅಜ್ಜಿ. ಕಾಲಿಗಿನ್ನೂ ಬಂದೇ ಇಲ್ಲ."

ಪರೀಕ್ಷೆ ನಡೆಸುತ್ತಿದ್ದ ಮೇಡಂ ಬಂದು ಹೊದಿಕೆ ಸರಿಸಿದರು. ಹೆಣಕ್ಕೆ ಕಟ್ಟುವ ಹಾಗೆ ನನ್ನ ಕಾಲ ಹೆಬ್ಬೆರಳುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಸೇರಿಸಿ ಕಟ್ಟಲಾಗಿತ್ತು. ಗಂಟು ಒದ್ದೆಯಾಗಿತ್ತು.

"ಬದುಕಿರೋರಿಗೆ ಹೀಗ್ ಕಟ್ತಾರೇನೇ? ನಡಿ ಮನೆಗೆ!"

ಹುಡುಗಿ ಬಿಳಿಚಿಕೊಂಡಳು. "ಅವಳ್ನ ಬೈಬೇಡಿ ಮೇಡಂ, ತಮಾಷೆಗೆ ನಾನೇ ಕಟ್ಕೊಂಡೆ," ಅಂದುಬಿಟ್ಟೆ.

"ಈ ವಯಸ್ಸಲ್ಲಿ ಅಜ್ಜಿ ಹುಡುಗಾಟ ನೋಡ್ರೇ!" ಎಂದು ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯರೆಲ್ಲ ನಕ್ಕರು. ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

ಮೇಡಂ ಮಾತ್ರ ನಗಲಿಲ್ಲ. ನನ್ನ ಮುಖ ನೋಡದೆ ಗಂಟನ್ನು ಕತ್ತರಿಯಿಂದ ಕತ್ತರಿಸಿದರು. ಬೆನ್ನು ಬಗ್ಗದ ನನಗೆ ವರ್ಷಗಳಿಂದ ಕಾಲುಗುರು ತೆಗೆದುಕೊಡುವವರು ಅವರೇ. ನನ್ನ ಕೈ ನನ್ನ ಪಾದದವರೆಗೆ ಹೋಗುವುದಿಲ್ಲವೆಂದು ಅವರಿಗೆ ಗೊತ್ತು.