ನಲವತ್ತು ಗುಡಿಸಲು ನುಂಗಿದ ಸಾಲು

ಪ್ರಿಂಟರಿನಿಂದ ಹೊರಬಂದ ನಕ್ಷೆಯಲ್ಲಿ ಗೋವೆಯ ಸಾಂಕೋಲೆಯ ಗುಡ್ಡವಿತ್ತು, ಬಾವಿಯಿತ್ತು, ಕಾರ್ಖಾನೆಯ ಗೋಡೆಯಿತ್ತು. ನಲವತ್ತು ಗುಡಿಸಲು—ಒಂದೂ ಇರಲಿಲ್ಲ!

"ಈ ಕೆಲಸದವಳು ಬೆಳಿಗ್ಗೆ ಕಂಪ್ಯೂಟರ್ ಒರೆಸಿದ್ದಾಳೆ. ಎಲ್ಲಾ ಅಳಿಸಿ ಹೋಯ್ತು," ಎಂದ ನಕ್ಷೆ ಆಫೀಸಿನ ಸಾಹೇಬ.

ಆಫೀಸು ಗುಡಿಸಿ ಒರೆಸುವ ಯಲ್ಲವ್ವನಿಗೆ ಕೈಯಲ್ಲಿದ್ದ ಅರಿವೆ ಕೆಂಡದಂತಾಯಿತು. ನಲವತ್ತರಲ್ಲಿ ಒಂದು ಅವಳದೇ ಮನೆ. ಮೂರು ಗಂಟೆಗೆ ಪಂಚಾಯತಿಯಲ್ಲಿ ಗುಡಿಸಲುಗಳ ವಿಚಾರಣೆ. ನಕ್ಷೆಯಲ್ಲಿಲ್ಲದ ಮನೆ ನಾಳೆ ಬುಲ್ಡೋಜರಿನ ಬಾಯಿಗೆ. ಈ ಊರಿನ ಗೋಡೆಗಳಿಗೆಲ್ಲ ಕಲ್ಲು ಹೊತ್ತವಳಿಗೆ ಇದೇ ಬಹುಮಾನವೇ?

ಕೂಲಿಕಾರರ ಸಂಘದ ಅಖ್ತರಬಾನು ಸುದ್ದಿ ಕೇಳಿ ಓಡಿಬಂದಳು. ವಾಸ್ಕೋದ ಪ್ರೆಸ್ಸಿನಲ್ಲಿ ಕಂಪ್ಯೂಟರಿನಲ್ಲೇ ಪುಟ ಕಟ್ಟುವವಳು.

"ಮೂಲ ನಕ್ಷಾ ಎಲ್ಲೈತಿ ಲೋಕಪ್ಪಣ್ಣಾ?"

ನಕ್ಷೆಗಾರ ಲೋಕಪ್ಪ ನಕ್ಷೆಯಿದ್ದ ಫ್ಲಾಪಿ ಚಾಚಿದ. "ಪಂಚಾಯತಿಯವರು ಕೊಟ್ಟದ್ರಿ. ನಾ ಬರೇ ತೆರದು ಪ್ರಿಂಟ್ ತಗದೇನಿ."

ಫ್ಲಾಪಿಯ ಮೂಲೆಯ ಗುಂಡಿಯನ್ನು ಬೀಗದ ಕಡೆ ಸರಿಸಿ, ಮೊಹರಿನ ಚೀಟಿ ಅಂಟಿಸಿದ್ದರು. ಚೀಟಿ ಹರಿದಿರಲಿಲ್ಲ.

"ಹಿಂಗಿದ್ರ ಇದರಾಗ ಬರಿಯಾಕೂ ಬರೂದಿಲ್ಲ, ಅಳಸಾಕೂ ಬರೂದಿಲ್ಲ. ಹೌದಿಲ್ರಿ ಸಾಹೇಬ್ರ?" ಎಂದಳು ಬಾನು.

ಸಾಹೇಬ ಫ್ಯಾನು ನೋಡಿದ.

"ನೀ ದಿನಾ ಹೆಂಗ ಶುರು ಮಾಡತಿ ಅಣ್ಣಾ?"

"ಒಂದಕ್ಷರ ಒತ್ತತೇನ್ರಿ. ಪ್ರೋಗ್ರಾಮ್ ತೆರಿಯೂ ಉಳಿದ ಸಾಲು ಒಂದು ಫೈಲ್‌ನ್ಯಾಗ ಐತಿ, ತಾನ ಓಡತೈತಿ."

ಬಾನು ಆ ಅಕ್ಷರ ಒತ್ತಲಿಲ್ಲ. ಪ್ರೋಗ್ರಾಮಿನ ಹೆಸರನ್ನಷ್ಟೇ ಟೈಪಿಸಿ ಫ್ಲಾಪಿ ತೆರೆದಳು. ಪರದೆಯ ಮೇಲೆ ನಲವತ್ತೂ ಗುಡಿಸಲು ಎದ್ದು ನಿಂತವು!

"ಅಯ್ಯ, ನಮ್ಮ ಓಣಿ!" ಯಲ್ಲವ್ವ ಚೀರಿದಳು.

ಬಾನು ಲೋಕಪ್ಪ ಹೇಳಿದ ಫೈಲ್ ತೆಗೆದಳು. ಪ್ರೋಗ್ರಾಮಿನ ಹೆಸರಿನ ಕೊನೆಗೆ ಬಾಲದಂತೆ ಇನ್ನೊಂದು ಹುಕುಂ—ಶುರುವಾಗುತ್ತಲೇ ಗುಡಿಸಲುಗಳ ಪದರ ಮುಚ್ಚು.

"ಅಳಿಸಿಲ್ಲಕ್ಕಾ, ಮುಚ್ಯಾರ. ಫೈಲಿನ ತಾರೀಖ ಹೇಳತೈತಿ, ಈ ಬಾಲ ಸೇರಿಸಿದ್ದು ಜೂನ್ ಹನ್ನೆರಡು, ಮುಂಜಾನಿ ಹನ್ನೊಂದಕ್ಕ."

"ಲೋಕಪ್ಪನೇ ಮಾಡಿರಬಹುದು," ಸಾಹೇಬ ತಟ್ಟನೆ ಎಂದ.

ಯಲ್ಲವ್ವನಿಗೆ ಅಕ್ಷರ ಬಾರದು, ಅಂಕಿ ಗೊತ್ತು. ಗೋಡೆಯ ಮೇಲಿನ ತೊಂಬತ್ತನಾಲ್ಕನೇ ಇಸವಿಯ ಕ್ಯಾಲೆಂಡರಿನತ್ತ ಬೆರಳು ಮಾಡಿದಳು.

"ಹನ್ನೆರಡು ಕೆಂಪ ಐತೆಲ್ಲ ಬಾನು! ನಿನ್ನಿ ಐತವಾರ. ಕೆಂಪ ಅಂಕಿ ದಿನ ನಮಗ ಪಗಾರಿಲ್ಲ, ಬಾಗಲಾ ತೆಗ್ಯಾಂಗಿಲ್ಲ. ಲೋಕಪ್ಪ ಶನಿವಾರ ಸಂಜಿಗೇ ಮೊಲೆಂ ಊರಿಗೆ ಹೋಗಿ ಇವತ್ತ ಬಂದಾನ."

"ಕೀಲಿ ಯಾರ ಹತ್ರ ಇರತೈತಿ?"

"ಒಂದ ಐತಿ. ಸಾಹೇಬ್ರ ಕಿಸೆದಾಗ."

ಬಾನು ತಿರುಗಿದಳು. "ಮೊಹರಿದ್ದ ಫ್ಲಾಪಿ ಮುಟ್ಟಾಕ ಬರಲಿಲ್ಲ, ಅದಕ್ಕ ತೆರಿಯೂ ದಾರಿ ಕೆಡಿಸಿದ್ರಿ. ಗೋಡಿ ಆಚೆ ಕಾರ್ಖಾನಿಯವರಿಗೆ ನಮ್ಮ ಜಾಗಾ ಬೇಕು—ನಿಮಗೊಬ್ಬ ಕಳ್ಳ ಬೇಕಾಗಿತ್ತು. ಕಸಬರಿಗಿ ಹಿಡದಾಕಿ ಸಿಕ್ಕಳು!"

ಲೋಕಪ್ಪ ಆಗಲೇ ಹೊಸ ಪ್ರಿಂಟ್ ತೆಗೆದು ಯಲ್ಲವ್ವನ ಕೈಗಿಟ್ಟಿದ್ದ.

ನಲವತ್ತು ಮನೆಗಳ ಬಿಸಿ ಕಾಗದವನ್ನು ಎದೆಗವಚಿಕೊಂಡು ಯಲ್ಲವ್ವ, ಒದ್ದೆ ಅರಿವೆಯನ್ನು ಮೇಜಿನ ಮೇಲೆಸೆದಳು.

"ನಾ ನೆಲಾ ಒರಸಾಕಿ ಸಾಹೇಬ್ರ. ಮನಿ ಒರಸೂದು ನಿಮ್ಮ ಕಸಬು."